ಬೆಳ್ಳಗೆ ಕಾಣುವ ಎಲುಬು

ಪೊಳಲಿ
ಶಿವರಾತ್ರಿ ಕಳೆದು ಮೂರನೇ ದಿನ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ‘ಆಯ್ತು ಮಾಮ, ನುಂಗ್ತೇನೆ’ ಅಂತ ಹೇಳಿ ಇಟ್ಟೆಯಲ್ಲ, ಆ ‘ಆಯ್ತು’ ನನಗೆ ಹಳೆಯ ಪರಿಚಯ. ಐದನೇ ಕ್ಲಾಸಿನಲ್ಲಿದ್ದಾಗ ಮಗ್ಗಿ ಬರೆದು ಆಯ್ತಾ ಎಂದು ಕೇಳಿದರೂ ನಿನ್ನ ಬಾಯಿಂದ ಅದೇ ಬರುತ್ತಿತ್ತು, ಪುಸ್ತಕ ತೆಗೆದು ನೋಡಿದರೆ ಏಳರ ಮಗ್ಗಿ ಅರ್ಧಕ್ಕೆ ನಿಂತಿರುತ್ತಿತ್ತು. ಆದ್ದರಿಂದ ಈ ಕಾಗದ. ಫೋನನ್ನಾದರೆ ಇಡಬಹುದು, ಕಾಗದವನ್ನು ಓದಿ ಮುಗಿಸಲೇಬೇಕು.

ನಾಲ್ಕು ದಿನ ಮಾತ್ರೆ ನುಂಗಲಿಲ್ಲವಂತೆ. ನಿನ್ನ ಅಮ್ಮ ಹೇಳಿದಾಗ ನನಗೆ ಸಿಟ್ಟು ಬರಲಿಲ್ಲ, ಕೈಕಾಲು ತಣ್ಣಗಾಯಿತು. ನೀನು ಕೇಳಿದ್ದು ನ್ಯಾಯವೇ: ‘ಈ ಮಾತ್ರೆಯಿಂದಲೇ ನನ್ನ ಎಲುಬು ಸತ್ತದ್ದಾದರೆ, ಅದನ್ನೇ ಯಾಕೆ ನುಂಗಬೇಕು?’ ಇಪ್ಪತ್ತೆರಡರ ಹುಡುಗಿಗೆ ಬರಬೇಕಾದ ಪ್ರಶ್ನೆಯೇ ಅದು. ಆದರೆ ಸ್ಟೀರಾಯ್ಡ್ ಎಂಬುದು ಬೇಕೆಂದಾಗ ಹತ್ತಿ ಬೇಡವೆಂದಾಗ ಇಳಿಯುವ ಸಿಟಿ ಬಸ್ಸಲ್ಲ ಮಾರಾಯ್ತಿ. ಮೂತ್ರಪಿಂಡದ ತಲೆಯ ಮೇಲೆ ಟೊಪ್ಪಿಯ ಹಾಗೆ ಕೂತಿರುವ ಎರಡು ಸಣ್ಣ ಗ್ರಂಥಿಗಳು ಆ ರಸವನ್ನು ದಿನಾ ತಾವೇ ಮಾಡಬೇಕು. ಹೊರಗಿನಿಂದ ತಿಂಗಳುಗಟ್ಟಲೆ ಬಂದು ಬೀಳುತ್ತಿದ್ದರೆ ಅವು ಕೆಲಸ ಬಿಟ್ಟು ಮಲಗಿಬಿಡುತ್ತವೆ. ನೀನು ಒಮ್ಮೆಲೇ ಮಾತ್ರೆ ನಿಲ್ಲಿಸಿದರೆ ಒಳಗಿನದ್ದೂ ಇಲ್ಲ, ಹೊರಗಿನದ್ದೂ ಇಲ್ಲ. ವಾಂತಿ, ತಲೆಸುತ್ತು ಬಂದು ರಕ್ತದೊತ್ತಡ ಕುಸಿಯುತ್ತದೆ, ಜೀವಕ್ಕೇ ಬರಬಹುದು. ಕಡಿಮೆ ಮಾಡುವುದಿದ್ದರೆ ಡಾಕ್ಟರೇ ವಾರ ವಾರಕ್ಕೆ ಲೆಕ್ಕ ಹಾಕಿ ಇಳಿಸಬೇಕು. ಫೋನಿನ ಮರುದಿನವೇ ನೀನು ಹೋಗಿ ತೋರಿಸಿ ಮತ್ತೆ ಶುರು ಮಾಡಿದ್ದು ಒಳ್ಳೆಯದಾಯಿತು. ಅದರ ಬಗ್ಗೆ ಇನ್ನು ಬೈಯುವುದಿಲ್ಲ.

ಮಾತ್ರೆಯ ಪರವಾಗಿ ಒಂದು ಮಾತು ಹೇಳಲೇಬೇಕು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಎಂಬ ವೈದ್ಯ, ಸಂಧಿವಾತದಿಂದ ಏಳಲಾರದೆ ಮಲಗಿದ್ದ ಒಬ್ಬ ಹೆಂಗಸಿಗೆ ಮೊದಲ ಸಲ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. ಎರಡೇ ವರ್ಷದಲ್ಲಿ ಆ ಕೆಲಸಕ್ಕೆ ನೊಬೆಲ್ ಬಂತು. ನಿನಗಿರುವ ಲೂಪಸ್ ಬಂದವರ ಕಥೆ ಆ ಕಾಲದಲ್ಲಿ ಬೇರೆಯೇ ಇತ್ತು. 1955ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ, ಕಾಯಿಲೆ ಗೊತ್ತಾದ ಮೇಲೆ ನಾಲ್ಕು ವರ್ಷ ಉಳಿಯುತ್ತಿದ್ದವರು ಹೆಚ್ಚುಕಡಿಮೆ ಅರ್ಧ ಮಂದಿ. ಹೋದ ವರ್ಷ ನಿನ್ನ ಮುಖ ಊದಿ, ಮೂತ್ರದಲ್ಲಿ ನೊರೆ ಬಂದು, ಮೂರು ದಿನ ಡ್ರಿಪ್ಪಿನಲ್ಲಿ ಸ್ಟೀರಾಯ್ಡ್ ಕೊಟ್ಟರಲ್ಲ, ಆಗ ಆಸ್ಪತ್ರೆಯ ವರಾಂಡದ ಬೆಂಚಿನಲ್ಲಿ ಕೂತಿದ್ದವ ನಾನು. ಎಲುಬು ಹೋದೀತೆಂದು ಆಗ ಯಾರಾದರೂ ಹೇಳಿದ್ದರೂ ಕೊಡಿ ಎಂದೇ ಹೇಳುತ್ತಿದ್ದೆ. ಈಗಲೂ ಅದೇ ಹೇಳುತ್ತೇನೆ. ನಿನ್ನ ಎರಡು ಕಿಡ್ನಿ ಉಳಿದಿವೆ. ಅದಕ್ಕೆ ಬಲಗಾಲಿನ ಒಂದು ಎಲುಬು ಸುಂಕ ಕಟ್ಟಿದೆ. ಸುಂಕ ಹೆಚ್ಚಾಯಿತೆಂದು ಜಗಳ ಮಾಡುವ, ಆದರೆ ಸಾಮಾನನ್ನು ಹೊಳೆಗೆ ಹಾಕುವುದು ಬೇಡ.

ಇನ್ನು ಎಲುಬಿನ ಸುದ್ದಿ. ಮೂವತ್ತೆರಡು ವರ್ಷ ಎಕ್ಸ್‌ರೇ ಕೋಣೆಯಲ್ಲಿ ಕಳೆದವನಿಗೆ ಇದೊಂದಾದರೂ ಗೊತ್ತಿರಬೇಕಲ್ಲ.

ನಿನ್ನ ರಿಪೋರ್ಟಿನಲ್ಲಿ ‘ಟೇಲಸ್’ ಎಂದು ಬರೆದದ್ದು ಕಾಲಿನ ಹರಡಿನೊಳಗೆ ಕೂತಿರುವ ಎಲುಬು. ಮೇಲಿನಿಂದ ಮೊಣಕಾಲಿನ ಕೆಳಗಿನ ಎರಡು ಎಲುಬುಗಳು ಇಕ್ಕಳದ ಹಾಗೆ ಅದನ್ನು ಹಿಡಿದಿರುತ್ತವೆ, ಕೆಳಗೆ ಹಿಮ್ಮಡಿ. ಇಡೀ ಮೈಯ ಭಾರ ಪಾದಕ್ಕೆ ಇಳಿಯುವುದು ಈ ಒಂದೇ ಎಲುಬಿನ ಮೂಲಕ. ಸುಮ್ಮನೆ ನಡೆಯುವಾಗಲೇ ಹರಡಿನ ಮೇಲೆ ಮೈಭಾರದ ನಾಲ್ಕೈದು ಪಟ್ಟು ಬೀಳುತ್ತದೆ. ನೀನು ಯಕ್ಷಗಾನದಲ್ಲಿ ಪುಂಡುವೇಷ ಕಟ್ಟಿ ಧಿಗಿಣ ಹಾರಿ ಕೆಳಗಿಳಿಯುವ ಹೊತ್ತಿಗೆ ಎಷ್ಟೆಂದು ನೀನೇ ಅಂದಾಜು ಮಾಡು. ಇಷ್ಟು ದುಡಿಯುವ ಎಲುಬಿಗೆ ಒಂದೇ ಒಂದು ಮಾಂಸಖಂಡವೂ ಅಂಟಿಲ್ಲ. ಅದರ ಮೈಯ ಬಹುಪಾಲು, ಅಂದರೆ ನೂರರಲ್ಲಿ ಸುಮಾರು ಅರುವತ್ತು ಪಾಲು, ನುಣ್ಣನೆಯ ಮೃದ್ವಸ್ಥಿಯಿಂದ ಮುಚ್ಚಿಹೋಗಿದೆ. ಅದು ಹಾಗಿದ್ದರೇ ಹರಡು ತಿರುಗುವುದು. ಆದರೆ ಮೃದ್ವಸ್ಥಿಯ ಮೂಲಕ ರಕ್ತನಾಳ ಒಳಗೆ ಹೋಗುವುದಿಲ್ಲ. ಉಳಿದ ನಲುವತ್ತು ಪಾಲಿನಲ್ಲೇ ನಾಳಗಳು ನುಸುಳಬೇಕು. ಗುತ್ತಿನ ಮನೆಯಷ್ಟು ದೊಡ್ಡ ಸಂಸಾರಕ್ಕೆ ಹಿಂದಿನ ಅಡುಗೆಕೋಣೆಯ ಬಾಗಿಲೊಂದೇ ದಾರಿ ಎಂದು ತಿಳಿ. ಆ ಬಾಗಿಲಿಗೆ ಅಡ್ಡ ಬಿದ್ದರೆ ಒಳಗೆ ಉಪವಾಸ.

ನಿನ್ನಲ್ಲಿ ಅಡ್ಡ ಬಿದ್ದದ್ದು ಹೊರಗಿನ ಪೆಟ್ಟಲ್ಲ. ಇದನ್ನು ಎರಡು ಸಲ ಓದು. ‘ಕುಣಿದು ಕುಣಿದು ಕಾಲು ಹಾಳು ಮಾಡಿಕೊಂಡಳು’ ಎಂದು ನಿನ್ನ ದೊಡ್ಡಮ್ಮ ಹೇಳುತ್ತಿರುವುದು ಸುಳ್ಳು, ನಾನೇ ಅವರಿಗೆ ಹೇಳಿದ್ದೇನೆ. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಎಲುಬಿನ ಮಜ್ಜೆಯಲ್ಲಿ ಕೊಬ್ಬಿನ ಕಣಗಳನ್ನು ಉಬ್ಬಿಸುತ್ತದೆ. ಎಲುಬಿನ ಗೋಡೆ ಬಲೂನಿನ ಹಾಗೆ ಹಿಗ್ಗುವುದಿಲ್ಲ, ಒಳಗೆ ಒತ್ತಡ ಏರಿ ಸಣ್ಣ ನಾಳಗಳು ಅಮುಕಿಹೋಗುತ್ತವೆ. ಜೊತೆಗೆ ಲೂಪಸ್ ಕೂಡ ತನ್ನ ಪಾಲಿನ ಕೆಲಸ ಮಾಡುತ್ತದೆ. ಕೆಲವರ ರಕ್ತವನ್ನು ಅದು ಬೇಗ ಹೆಪ್ಪುಗಟ್ಟುವ ಹಾಗೆ ಮಾಡುತ್ತದೆ, ಆ ಪರೀಕ್ಷೆಯೂ ನಿನಗೆ ಮಾಡಿರಬಹುದು, ಚೀಟಿ ನೋಡು. ಲೂಪಸ್ ಇದ್ದವರಲ್ಲಿ ಹೀಗೆ ಎಲುಬು ಸಾಯುವುದನ್ನು ಡುಬೋಯ್ ಮತ್ತು ಕೋಝೆನ್ ಎಂಬ ಅಮೆರಿಕದ ವೈದ್ಯರು 1960ರಲ್ಲೇ ಬರೆದಿದ್ದಾರೆ. ಹಾಗಾಗಿ ನಿನಗೊಬ್ಬಳಿಗೆ ಬಂದ ಶಾಪ ಎಂದುಕೊಳ್ಳಬೇಡ. ಪುಸ್ತಕದಲ್ಲಿರುವ ಕಾಯಿಲೆ ಇದು.

ಈಗ ನನ್ನದೊಂದು ತಪ್ಪು ಹೇಳುತ್ತೇನೆ. ಇದನ್ನು ನಿನ್ನ ಅತ್ತೆಗೂ ಪೂರ್ತಿ ಹೇಳಿಲ್ಲ.

ಆಗ ಫಿಲಂ ಕಾಲ. ಕಂಪ್ಯೂಟರ್ ಇರಲಿಲ್ಲ. ಕ್ಯಾಸೆಟ್ಟನ್ನು ಕತ್ತಲೆ ಕೋಣೆಗೆ ಒಯ್ದು, ಕೆಂಪು ದೀಪದಲ್ಲಿ ಫಿಲಂ ತೆಗೆದು ಕ್ಲಿಪ್ಪಿಗೆ ಸಿಕ್ಕಿಸಿ ಡೆವಲಪರಿನಲ್ಲಿ ಅದ್ದಬೇಕು, ತೊಳೆದು ಫಿಕ್ಸರಿಗೆ ಹಾಕಬೇಕು. ಸಂಜೆ ಮನೆಗೆ ಬಂದರೆ ಕೈಯಿಂದ ಹುಳಿ ವಾಸನೆ, ಸಾಬೂನಿಗೂ ಹೋಗುತ್ತಿರಲಿಲ್ಲ. ಒಂದು ದಿನ ಇಪ್ಪತ್ತರ ಒಬ್ಬ ಹುಡುಗ ಬಂದ. ಸಣ್ಣಂದಿನಿಂದ ಕಿಡ್ನಿಯ ತೊಂದರೆಗೆ ಮಾತ್ರೆ ನುಂಗುತ್ತಿದ್ದವ. ಎಡಗಾಲಿನ ಗಂಟು ನೋವು, ಬಿದ್ದದ್ದಿಲ್ಲ, ಉಳುಕಿದ್ದಿಲ್ಲ. ಎರಡು ಕಡೆಯಿಂದ ಫೋಟೋ ತೆಗೆದೆ. ಒದ್ದೆ ಫಿಲಂ ನೀರು ತೊಟ್ಟಿಕ್ಕುತ್ತಿತ್ತು, ಬಾಗಿಲಲ್ಲಿ ನಿಂತು ಅವ ಕೇಳಿದ, ‘ಎಂತ ಉಂಟು ಸಾರ್?’ ನಾನು ದೀಪದ ಪೆಟ್ಟಿಗೆಗೆ ಹಿಡಿದು ಒಂದು ನೋಟ ನೋಡಿದೆ. ಎಲುಬು ನೇರ ಇತ್ತು, ಬಿರುಕಿಲ್ಲ. ‘ಏನೂ ಇಲ್ಲ ಮಾರಾಯಾ, ಉಳುಕಿರಬೇಕು’ ಎಂದೆ.

ಹಾಗೆ ಹೇಳಲು ನನಗೆ ಅಧಿಕಾರವಿರಲಿಲ್ಲ. ಫಿಲಂ ತೆಗೆಯುವುದು ನನ್ನ ಕೆಲಸ, ಓದುವುದು ಡಾಕ್ಟರದ್ದು. ಅವ ನನ್ನ ಮಾತು ನಂಬಿ ಫಿಲಂ ತೋರಿಸಲು ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಒಂದೂವರೆ ವರ್ಷ ಕಳೆದು ಮತ್ತೆ ಬಂದಾಗ ಕೈಯಲ್ಲಿ ಕೋಲು. ಈ ಸಲ ಫಿಲಮಿನಲ್ಲಿ ಕಂಡದ್ದನ್ನು ನಾನು ಮರೆಯುವಂತಿಲ್ಲ. ಸುತ್ತಲಿನ ಎಲುಬುಗಳೆಲ್ಲ ಮಬ್ಬು ಬೂದಿ ಬಣ್ಣ, ನಡುವಿನ ಟೇಲಸ್ ಮಾತ್ರ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಅದರ ಗುಂಡಗಿನ ನೆತ್ತಿ ಚಪ್ಪಟೆಯಾಗಿ ಕುಸಿದಿತ್ತು.

ಬೆಳ್ಳಗೆ ಯಾಕೆ ಗೊತ್ತಾ? ಎಕ್ಸ್‌ರೇಯಲ್ಲಿ ಬೆಳ್ಳಗೆ ಕಂಡರೆ ಗಟ್ಟಿ ಎಂದು ಎಲ್ಲರೂ ತಿಳಿಯುತ್ತಾರೆ, ನಾನೂ ಮೊದಲು ಹಾಗೇ ತಿಳಿದಿದ್ದೆ. ಕಾಲಿಗೆ ಕೆಲಸ ಕಡಿಮೆಯಾದಾಗ ಜೀವಂತ ಎಲುಬಿನಿಂದ ರಕ್ತ ಸ್ವಲ್ಪ ಸುಣ್ಣ ಎಳೆದುಕೊಳ್ಳುತ್ತದೆ, ಅದು ತೆಳ್ಳಗಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಸತ್ತ ಎಲುಬಿಗೆ ರಕ್ತವೇ ಬರುವುದಿಲ್ಲ, ಸುಣ್ಣ ಎಳೆಯುವವರಿಲ್ಲ, ಇದ್ದದ್ದು ಇದ್ದ ಹಾಗೇ ಉಳಿಯುತ್ತದೆ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ನಿಂತುಹೋದ ಎಲುಬೇ ಹೆಚ್ಚು ಬೆಳ್ಳಗೆ ಕಾಣುವುದು. ಟೇಲಸ್ ಮುರಿದು ಬಂದವರ ಫಿಲಮಿನಲ್ಲಿ ಆರೆಂಟು ವಾರ ಕಳೆದು ನೆತ್ತಿಯ ಅಡಿಗೆ ತೆಳ್ಳಗಿನ ಒಂದು ಕಪ್ಪು ಗೆರೆ ಕಂಡರೆ ನಮ್ಮ ಡಾಕ್ಟರು ‘ಸದ್ಯ, ಬದುಕಿತು’ ಎನ್ನುತ್ತಿದ್ದರು. ಹಾಕಿನ್ಸ್ ಎಂಬವರು 1970ರಲ್ಲಿ ಬರೆದ ಮೇಲೆ ಅದಕ್ಕೆ ಅವರ ಹೆಸರೇ ನಿಂತಿದೆ. ಕಪ್ಪು ಗೆರೆ ಕಂಡರೆ ಸಂತೋಷ, ಬಿಳಿ ಕಂಡರೆ ದುಃಖ: ನಮ್ಮ ಕತ್ತಲೆ ಕೋಣೆಯ ಶಕುನವೇ ಹೀಗೆ ಉಲ್ಟಾ.

ಆ ಹುಡುಗನ ಮೊದಲ ಫಿಲಮಿನಲ್ಲಿ ಏನೂ ಕಾಣದೆ ಇದ್ದದ್ದು ನಿಜವೇ. ಎಲುಬು ಸತ್ತರೂ ತಿಂಗಳುಗಟ್ಟಲೆ ಎಕ್ಸ್‌ರೇಗೆ ಸುಳಿವು ಸಿಗುವುದಿಲ್ಲ. ಎಂಆರ್‌ಐ ಆದರೆ ಬೇಗ ಹಿಡಿಯುತ್ತದೆ, ಆದರೆ ಆಗ ನಮ್ಮಲ್ಲಿ ಅದು ಇರಲಿಲ್ಲ. ಇದ್ದಿದ್ದರೂ ನನ್ನ ಬಾಯಿ ಅವನನ್ನು ಹೊರಗೇ ಕಳಿಸಿತ್ತಲ್ಲ. ಅದಾದ ಮೇಲೆ ನಿವೃತ್ತಿಯ ದಿನದವರೆಗೂ ಬಾಗಿಲಲ್ಲಿ ಯಾರು ‘ಎಂತ ಉಂಟು’ ಎಂದರೂ ನನ್ನ ಉತ್ತರ ಒಂದೇ: ‘ಡಾಕ್ಟರಿಗೆ ತೋರಿಸಿ.’ ಸೊಕ್ಕಿನವ ಎಂದು ಹೆಸರು ಬಂತು, ಬರಲಿ.

ನಿನ್ನ ವಿಷಯದಲ್ಲಿ ಡಿಸೆಂಬರಿನ ಎಕ್ಸ್‌ರೇ ‘ನಾರ್ಮಲ್’ ಎಂದು ಬಂದಾಗ ನಾನು ಯಾಕೆ ಹಠ ಹಿಡಿದೆ ಎಂದು ಈಗ ಗೊತ್ತಾಯಿತಲ್ಲ.

ಆ ‘ನಾರ್ಮಲ್’ ಮತ್ತು ಎಂಆರ್‌ಐ ನಡುವಿನ ಹದಿನೈದು ದಿನದಲ್ಲಿ ನಿನ್ನನ್ನು ಉಳುಕು ನೀವುವವರ ಹತ್ತಿರ ಕರೆದುಕೊಂಡು ಹೋದರಂತೆ. ಉಳುಕು ನೀವುವವರ ಮೇಲೆ ನನಗೆ ತಾತ್ಸಾರ ಇಲ್ಲ, ನಿಜವಾಗಿ ಉಳುಕಿದ ಕಾಲಿಗೆ ಅವರ ಬಿಸಿ ಎಣ್ಣೆ ಹಿತವೇ. ಆದರೆ ಲೂಪಸ್, ಕಿಡ್ನಿ, ಅಸ್ತಮಾ ಅಂತ ಸ್ಟೀರಾಯ್ಡ್ ನುಂಗಿದವರಿಗೆ, ಕುಡಿತ ಇದ್ದವರಿಗೆ, ಬೀಳದೆ ಬಂದ ಗಂಟುನೋವು ಉಳುಕಲ್ಲ, ಪರೀಕ್ಷೆ ಆಗುವವರೆಗೆ ಅದನ್ನು ತಿಕ್ಕಿ ತಿರುಚಲೇಬಾರದು. ಇನ್ನೊಂದು, ಗಂಟುನೋವಿಗೆಂದು ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಮಾರುವ ಹೆಸರಿಲ್ಲದ ಪುಡಿ, ಗುಳಿಗೆ. ಒಂದು ಪೊಟ್ಟಣಕ್ಕೇ ನೋವು ಮಾಯ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಎಷ್ಟೋ ಸಲ ಸಿಕ್ಕಿಬಿದ್ದಿದೆ. ಚೀಟಿಯಲ್ಲಿ ಬರೆದು ಲೆಕ್ಕವಿಟ್ಟು ಕೊಡುವ ಸ್ಟೀರಾಯ್ಡಿಗೆ ಹೆದರುವ ಜನ, ಲೆಕ್ಕವಿಲ್ಲದ ಅದೇ ಸ್ಟೀರಾಯ್ಡನ್ನು ‘ನಾಟಿ ಮದ್ದು, ಅಡ್ಡಪರಿಣಾಮ ಇಲ್ಲ’ ಎಂದು ಜೇನಿನಲ್ಲಿ ಕಲಸಿ ನೆಕ್ಕುತ್ತಾರೆ. ನಿನ್ನ ದೊಡ್ಡಮ್ಮನ ಕಪಾಟಿನಲ್ಲಿ ಅಂಥದ್ದೊಂದು ಡಬ್ಬಿ ಉಂಟು. ಬಂದಾಗ ನೀನೇ ತೆಗೆದು ಎಸೆ, ನನ್ನ ಮಾತು ಅವರು ಕೇಳುವುದಿಲ್ಲ.

‘ನನಗೇ ಯಾಕೆ?’ ಎಂದು ಕೇಳಿದೆಯಲ್ಲ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ನಿನ್ನ ಜೊತೆಗೆ ಯಾರ್ಯಾರು ಇದ್ದಾರೆಂದು ಹೇಳಬಲ್ಲೆ.

ನಮ್ಮದೇ ರಾಜ್ಯದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗು. ಅಲ್ಲಿ ಡಾಕ್ಟರ್ ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಸೋಲಿಗರ ನಡುವೆ ಕೆಲಸ ಮಾಡುತ್ತ ಅವರ ಕೇಂದ್ರ ಎದುರಿಸಿದ ಕಾಯಿಲೆಗಳಲ್ಲಿ ಕುಡುಗೋಲು ಕಣದ ರಕ್ತಹೀನತೆಯೂ ಒಂದು. ರಕ್ತದ ಕೆಂಪು ಕಣ ದುಂಡಗಿರಬೇಕಾದದ್ದು ಆಮ್ಲಜನಕ ಕಡಿಮೆಯಾದಾಗ ಕುಡುಗೋಲಿನ ಹಾಗೆ ಬಾಗಿ ಗಡಸಾಗುತ್ತದೆ, ಸಣ್ಣ ನಾಳಗಳಲ್ಲಿ ಮುಳ್ಳಿನ ಹೊರೆ ಸಿಕ್ಕಿದ ಹಾಗೆ ಸಿಕ್ಕಿಹಾಕಿಕೊಳ್ಳುತ್ತದೆ. 1952ರಲ್ಲಿ ಲೆಹ್ಮನ್ ಮತ್ತು ಕಟ್‌ಬುಶ್ ಎಂಬವರು ನಮ್ಮ ಗಡಿಯಾಚೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಇದನ್ನು ಕಂಡು ಬರೆದರು. ಈ ಕಾಯಿಲೆಯ ಮೊದಲ ಗುರುತು ಎಷ್ಟೋ ಮಕ್ಕಳಲ್ಲಿ ಕಾಣುವುದು ಪಾದದಲ್ಲೇ. ಆರು ತಿಂಗಳು ದಾಟಿದ ಕೂಸಿನ ಕೈ, ಪಾದ ಉಬ್ಬಿ ಬಿಸಿಯಾಗಿ, ಮುಟ್ಟಿದರೆ ಚೀರುತ್ತದೆ. ಪಾದದ ಸಣ್ಣ ಎಲುಬುಗಳಿಗೆ ರಕ್ತ ನಿಂತು ಅವು ಸಾಯತೊಡಗಿದ್ದು ಅದು. ನಿನಗೆ ‘ಇಲ್ಲಿ ನೋವು’ ಎಂದು ಬೆರಳಿಟ್ಟು ತೋರಿಸಲು ಗೊತ್ತು. ಆ ಕೂಸಿಗೆ ನಡೆಯಲು ಕಲಿಯುವ ಮೊದಲೇ ಕಾಲು ನೋಯುತ್ತದೆ, ಹಲ್ಲು ಬರುವ ಜ್ವರವೆಂದು ಮನೆಯವರು ಸುಮ್ಮನಿರುತ್ತಾರೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರ ಸರಕಾರ ಇದರ ನಿರ್ಮೂಲನಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. ನಲುವತ್ತರೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ, 2047ರ ಗುರಿ. ಗುರಿ ದೊಡ್ಡದೇ. ಕಾಡಿನ ಹಾಡಿಗೆ ಹೋಗುವ ದಾರಿ ಅದಕ್ಕಿಂತ ಉದ್ದ.

ಅಲ್ಲದೆ ಸಮುದ್ರದ ಆಳಕ್ಕೆ ಮುಳುಗಿ ಅವಸರದಲ್ಲಿ ಮೇಲೆ ಬರುವವರಿಗೆ ಹೀಗೆ ಎಲುಬು ಸಾಯುವುದು ಉಂಟು, ರಕ್ತದಲ್ಲಿ ಗುಳ್ಳೆ ಎದ್ದು. ನಮ್ಮ ಕಡೆ ಸಂಜೆಯಾದರೆ ಗಡಂಗಿಗೆ ಮುಳುಗುವವರಿಗೂ ಉಂಟು. ಸೊಂಟದ ಕೀಲಿನ ಗೋಲಿಯಂಥ ಎಲುಬು ಸತ್ತು ನನ್ನ ಮೇಜಿನ ಮೇಲೆ ಮಲಗಿದ ಗಂಡಸರಲ್ಲಿ ಕುಡಿತದವರೇ ಹೆಚ್ಚು. ಅವರ ಮೇಲೆ ಕನಿಕರ ತೋರಿಸಲು ನನಗೆ ಸ್ವಲ್ಪ ಕಷ್ಟವಾಗುತ್ತಿತ್ತು, ನಿಜ ಹೇಳುತ್ತೇನೆ.

ನಿನ್ನ ಡಾಕ್ಟರು ಈಗ ಎರಡನೇ ಹಂತ ಎಂದಿದ್ದಾರೆ. ಫ್ರಾನ್ಸಿನ ಫೀಕಾ ಮತ್ತು ಆರ್ಲೆ ಸೊಂಟದ ಎಲುಬಿಗೆ ಮಾಡಿದ ನಾಲ್ಕು ಹಂತದ ಲೆಕ್ಕವನ್ನೇ ಇಲ್ಲಿಗೂ ಹಚ್ಚುತ್ತಾರೆ. ಒಂದನೆಯದರಲ್ಲಿ ಎಕ್ಸ್‌ರೇಗೆ ಕಾಣುವುದಿಲ್ಲ, ಎರಡನೆಯದರಲ್ಲಿ ಕಲೆ ಕಾಣುತ್ತದೆ, ಆಕಾರ ಕೆಟ್ಟಿರುವುದಿಲ್ಲ. ಮೂರರಲ್ಲಿ ಕುಸಿತ, ನಾಲ್ಕರಲ್ಲಿ ಪಕ್ಕದ ಗಂಟೂ ಸವೆತ. ನೀನು ನಿಂತಿರುವುದು ಗದ್ದೆಯ ಬದುವಿನ ಮೇಲೆ. ಎರಡರಿಂದ ಮೂರಕ್ಕೆ ಜಾರದ ಹಾಗೆ ನೋಡಿಕೊಳ್ಳುವುದೇ ಈಗಿನ ಕೆಲಸ. ಜಾರಿದರೆ ಹಿಂದೆ ಬರುವ ದಾರಿಯಿಲ್ಲ.

ಇಲ್ಲಿ ಒಂದು ವಿಚಿತ್ರ ಉಂಟು, ತುಂಬ ಮಂದಿ ಎಡವುವುದು ಅದರಲ್ಲೇ. ಎಲುಬು ಸತ್ತ ಕೂಡಲೇ ಕುಸಿಯುವುದಿಲ್ಲ. ಸತ್ತ ಮೇಲೂ ಕೆಲವು ತಿಂಗಳು ಮೊದಲಿನಷ್ಟೇ ಗಟ್ಟಿ. ಕುಸಿಯುವುದು ಮೈ ಅದನ್ನು ರಿಪೇರಿ ಮಾಡಲು ಹೊರಟಾಗ. ನಮ್ಮ ಮನೆಯ ಹಿಂದಿನ ಮಾಡಿನ ಪಕ್ಕಾಸು ಬದಲಿಸಿದ್ದು ನಿನಗೆ ನೆನಪಿರಬೇಕು, ನೀನು ಏಳನೆಯಲ್ಲಿದ್ದೆ. ಗೆದ್ದಲು ತಿಂದ ಪಕ್ಕಾಸು ಹಂಚು ಹೊತ್ತುಕೊಂಡು ಎಷ್ಟು ಮಳೆಗಾಲ ನಿಂತಿತ್ತು! ಆಚಾರಿ ಬಂದು ಒಂದೊಂದೇ ಹಳೆಯದನ್ನು ಕಳಚಿ ಹೊಸದು ಕೂರಿಸುವಾಗ ನಡುವೆ ಅಡಿಕೆ ಮರದ ಊರೆ ಕೊಟ್ಟ, ‘ಯಾರೂ ಅಟ್ಟ ಹತ್ತಬೇಡಿ’ ಎಂದ. ನೀನು ಹತ್ತಿದೆ, ಮೂರು ಹಂಚು ಬಿತ್ತು, ಬೈಗಳು ನನಗೆ ಸಿಕ್ಕಿತು. ಎಲುಬಿನಲ್ಲೂ ಹಾಗೆಯೇ. ಹೊಸ ರಕ್ತನಾಳಗಳು ಅಂಚಿನಿಂದ ನುಗ್ಗುತ್ತವೆ, ಸತ್ತದ್ದನ್ನು ಕರಗಿಸುವ ಕಣಗಳು ಮುಂದೆ, ಹೊಸದು ಕಟ್ಟುವ ಕಣಗಳು ಹಿಂದೆ. ಕಳಚುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ಆ ನಡುವಿನ ಕಾಲದಲ್ಲಿ ಎಲುಬು ಟೊಳ್ಳು. ನೋವು ಸ್ವಲ್ಪ ಕಡಿಮೆಯಾಯಿತು, ಇನ್ನು ಕುಣಿಯಬಹುದು ಎಂದು ನಿನಗೆ ಅನಿಸುವುದೂ ಆಗಲೇ ಇರಬಹುದು. ಅಟ್ಟ ಹತ್ತಬೇಡ.

ಊರೆ ಅಂದರೆ ಊರುಗೋಲು, ಎರಡೂ ಕಂಕುಳಿಗೆ. ಹಾಸ್ಟೆಲಿನಲ್ಲಿ ಮರ್ಯಾದೆಯ ಪ್ರಶ್ನೆ ಎಂದು ಒಂದೇ ಹಿಡಿದು ಓಡಾಡುತ್ತಿದ್ದೀಯಂತೆ, ಅದು ಸಾಲದು. ಕೋಲಿನ ತಲೆಗೂ ಕಂಕುಳಿಗೂ ನಡುವೆ ಎರಡು ಬೆರಳಿನ ಜಾಗ ಇರಬೇಕು, ಭಾರ ಅಂಗೈಯ ಮೇಲೆ ಬೀಳಬೇಕು. ಕಂಕುಳಿನ ಮೇಲೆ ತೂಗಿದರೆ ಅಲ್ಲಿಯ ನರ ಅಮುಕಿ ಕೈ ಜೋಮು ಹಿಡಿಯುತ್ತದೆ. ಹಿಡಿಕೆಗೆ ಹಳೆಯ ಸೀರೆಯ ಬಟ್ಟೆ ಸುತ್ತಿಕೋ, ಬೊಬ್ಬೆ ಬರುವುದಿಲ್ಲ. ಕೆಳಗಿನ ಮಹಡಿಯ ಕೋಣೆಗೆ ಅರ್ಜಿ ಕೊಡು. ಕೊಡಲು ನಾಚಿಕೆಯಾದರೆ ನಾನೇ ಬಂದು ಕೊಡುತ್ತೇನೆ, ನನಗೆ ನಾಚಿಕೆ ಇಲ್ಲ.

ಮುಂದೇನು ಎಂದು ಡಾಕ್ಟರು ನಾಲ್ಕು ದಾರಿ ಹೇಳಿರುತ್ತಾರೆ. ಎಲುಬಿಗೆ ಸಣ್ಣ ತೂತು ಕೊರೆದು ಒಳಗಿನ ಒತ್ತಡ ಇಳಿಸುವುದು ಒಂದು, ಕುಸಿಯುವ ಮೊದಲೇ ಆದರೆ ಅದಕ್ಕೆ ಅರ್ಥ ಹೆಚ್ಚು. ಬೇರೆ ಕಡೆಯ ಎಲುಬು ತಂದು ತುಂಬುವುದು ಇನ್ನೊಂದು. ಕುಸಿದು ಗಂಟು ಹಾಳಾದರೆ ಎಲುಬುಗಳನ್ನು ಬೆಸೆದು ನೋವು ನಿಲ್ಲಿಸುತ್ತಾರೆ, ಆದರೆ ಹರಡು ಮತ್ತೆ ಮಡಚುವುದಿಲ್ಲ. ಈಗ ಕೆಲವು ಕಡೆ ರೋಗಿಯ ಅಳತೆಗೇ ಲೋಹದ ಟೇಲಸ್ ಅಚ್ಚು ಹಾಕಿ ಕೂರಿಸುವುದೂ ಉಂಟು. ಯಾವುದೆಂದು ನಾನು ಹೇಳುವುದಿಲ್ಲ. ಬಾಗಿಲಲ್ಲಿ ನಿಂತು ಹೇಳಿದ ತಪ್ಪು ಒಮ್ಮೆ ಮಾಡಿದ್ದು ಸಾಕು. ನೀನು ಕೇಳಬೇಕಾದ ಪ್ರಶ್ನೆ ಒಂದನ್ನು ಮಾತ್ರ ಹೇಳಿಕೊಡುತ್ತೇನೆ: ‘ಸಾರ್, ನನ್ನ ಸೊಂಟದ್ದೂ ಎಂಆರ್‌ಐ ಮಾಡಿದ್ದೀರಾ?’ ಹೀಗೆ ಸ್ಟೀರಾಯ್ಡಿನಿಂದ ಒಂದು ಕಡೆ ಎಲುಬು ಸತ್ತವರಲ್ಲಿ ಬೇರೆ ಕಡೆಯೂ, ಸೊಂಟದ ಗೋಲಿ, ಮೊಣಕಾಲು, ಭುಜಗಳಲ್ಲಿ, ಸದ್ದಿಲ್ಲದೆ ಶುರುವಾಗಿರುವುದು ಅಪರೂಪವಲ್ಲ. ನೋವು ಬರುವ ಮೊದಲೇ ಕಂಡರೆ ಉಳಿಸಲು ಕಾಲಾವಕಾಶ ಸಿಗುತ್ತದೆ. ಈ ಒಂದು ಪ್ರಶ್ನೆಗಾಗಿಯೇ ಇಷ್ಟುದ್ದ ಕಾಗದ ಬರೆದೆ ಎಂದರೂ ತಪ್ಪಿಲ್ಲ.

ಒಂದು ಅಡ್ಡಕತೆ. ಕುರಿ, ಆಡಿನ ಕಾಲಲ್ಲೂ ಇದೇ ಎಲುಬು ಉಂಟು. ಹಳೆಯ ಗ್ರೀಕರು, ರೋಮಿನವರು ಅದನ್ನು ದಾಳದ ಹಾಗೆ ಉರುಳಿಸಿ ಜೂಜಾಡುತ್ತಿದ್ದರು. ನಮ್ಮ ಹಳಬರ ದಾಳ ತಾರೆಕಾಯಿಯದ್ದು. ಮುಂದಿನ ಸಲ ದ್ಯೂತದ ಪ್ರಸಂಗದಲ್ಲಿ ಶಕುನಿಯ ಅರ್ಥ ಹೇಳುವಾಗ ಇದನ್ನು ಸೇರಿಸಿಕೋ, ಎದುರು ಕೂತ ಧರ್ಮರಾಯನಿಗೆ ಉತ್ತರ ಸಿಕ್ಕಲಿಕ್ಕಿಲ್ಲ.

ಅರ್ಥ ಎಂದೆ, ನೀನು ಗಮನಿಸಿರುತ್ತೀ. ಧಿಗಿಣದ ಬಗ್ಗೆ ಸುಳ್ಳು ಭರವಸೆ ಕೊಡುವುದಿಲ್ಲ. ಅಭಿಮನ್ಯುವಾಗಿ ನೀನು ರಂಗಸ್ಥಳವನ್ನು ಸುತ್ತು ಹೊಡೆದದ್ದನ್ನು ನಾನು ಕಳೆದ ವರ್ಷ ನಿಂತುಕೊಂಡೇ ನೋಡಿದ್ದೇನೆ, ಕೂರಲು ಮನಸ್ಸಾಗಲಿಲ್ಲ. ಅದು ಇನ್ನು ಇಲ್ಲದೆ ಹೋಗಬಹುದು. ಅಳು ಬಂದರೆ ಅಳು. ಆದರೆ ತಾಳಮದ್ದಳೆಗೆ ಕಾಲು ಬೇಡ. ನಮ್ಮ ಊರಿನ ಹೆಸರನ್ನು ಪೊಳಲಿ ಶಾಸ್ತ್ರಿಗಳು ಎತ್ತರಕ್ಕೆ ಒಯ್ದದ್ದು ಕೂತಲ್ಲೇ ಅರ್ಥ ಹೇಳಿ. ಶೇಣಿ ಗೋಪಾಲಕೃಷ್ಣ ಭಟ್ಟರು ಮಾತಿನಲ್ಲೇ ರಾವಣನನ್ನು ಎದ್ದು ನಿಲ್ಲಿಸುತ್ತಿದ್ದರು. ಇದು ಸಮಾಧಾನಕ್ಕೆ ಹೇಳಿದ್ದೆಂದು ತಿಳಿಯಬೇಡ. ನಿನ್ನ ಕುಣಿತಕ್ಕಿಂತ ಮಾತು ಮೇಲು ಎಂದು ನಾನು ಮೊದಲೇ ಹೇಳಿದ್ದೆ, ಆಗ ನಿನಗೆ ಕೋಪ ಬಂದಿತ್ತು.

ಇಲ್ಲಿ ಜಾತ್ರೆಯ ಗಾಳಿ ಬೀಸತೊಡಗಿದೆ. ಮೀನ ಸಂಕ್ರಮಣಕ್ಕೆ ಕೊಡಿ ಏರಿದರೆ ಸುಮಾರು ಒಂದು ತಿಂಗಳು ಊರಿಗೆ ನಿದ್ದೆಯಿಲ್ಲ. ಫಲ್ಗುಣಿಯ ನೀರು ಇಳಿದಿದೆ. ಕಲ್ಲಂಗಡಿಯ ರಾಶಿ ಬೀಳಲು ಇನ್ನೇನು ಕೆಲವು ದಿನ. ನಿನ್ನ ಅಮ್ಮ ರಾಜರಾಜೇಶ್ವರಿಗೆ ಹರಕೆ ಹೇಳಿಕೊಂಡಿದ್ದಾಳೆ, ಹೇಳಿಕೊಳ್ಳಲಿ. ದೇವಿಯ ಮೂರ್ತಿಯೇ ಮಣ್ಣಿನದ್ದು, ನೀರಿನ ಅಭಿಷೇಕ ತಾಳುವುದಿಲ್ಲ. ಇಷ್ಟು ಕಾಲ ಉಳಿದದ್ದು ಹೊತ್ತುಹೊತ್ತಿಗೆ ಲೇಪಾಷ್ಟಗಂಧ ಆದದ್ದರಿಂದ. ಆರೈಕೆ ಮಾಡಿದವರಿದ್ದರು, ಮಣ್ಣೂ ನಿಂತಿತು.

ಜಾತ್ರೆಯ ಐದು ದಿನದ ಚೆಂಡಾಟ ನೋಡಲು ಬರುತ್ತೇನೆ ಎಂದಿದ್ದೀ. ಬಾ. ಆದರೆ ಚೆಂಡಿನ ಗದ್ದೆಯ ಹತ್ತಿರ ಬರುವುದು ಬೇಡ. ಆ ಚರ್ಮದ ಚೆಂಡಿನ ಹಿಂದೆ ನೂರಾರು ಜನ ನುಗ್ಗುವಾಗ ಬದುವಿನಲ್ಲಿ ನಿಂತವರೂ ಉರುಳುತ್ತಾರೆ, ನಾನೇ ನನ್ನ ಹರೆಯದಲ್ಲಿ ನಾಲ್ಕೈದು ಮಂದಿಯನ್ನು ಉರುಳಿಸಿದ್ದೇನೆ. ಅಂಗಡಿ ಸಾಲಿನ ಹಿಂದಿನ ದಿಣ್ಣೆಯಲ್ಲಿ ನಿನಗೊಂದು ಪ್ಲಾಸ್ಟಿಕ್ ಕುರ್ಚಿ, ಕಾಲು ಎತ್ತಿಡಲು ಸ್ಟೂಲು ಹಾಕಿಸುತ್ತೇನೆ. ಅಲ್ಲಿಗೆ ಆ ಹುಡುಗನೂ ಬರುತ್ತಾನೆ, ಈಗ ಐವತ್ತು ದಾಟಿದೆ, ಗಂಟು ಬೆಸೆದಿದ್ದಾರೆ, ಸ್ವಲ್ಪ ಎಳೆದು ನಡೆಯುತ್ತಾನೆ. ಪ್ರತಿ ವರ್ಷ ಕಡೆ ಚೆಂಡಿನ ದಿನ ನನ್ನನ್ನು ಕಂಡು ಕಲ್ಲಂಗಡಿಯ ಒಂದು ಹೋಳು ಕೈಗಿಡುತ್ತಾನೆ. ನಾನು ಹೇಳಿದ ಮಾತು ಅವನಿಗೆ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಮೂಡಬಿದಿರೆಯಿಂದ ಬಸ್ಸಿನಲ್ಲಿ ಬರಬೇಡ, ಕೈಕಂಬದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತುವ ಗಡಿಬಿಡಿ ಬೇಡ. ಚೆಂಡಿನ ವಾರದ ಶನಿವಾರ ಮಧ್ಯಾಹ್ನ ನಾನೇ ರಿಕ್ಷಾ ತರುತ್ತೇನೆ. ಬೆಳಗ್ಗಿನ ಮಾತ್ರೆ ತಿಂಡಿಯ ನಂತರ ನುಂಗಿರು. ಎಂಆರ್‌ಐಯ ಫಿಲಂ ಕವರ್ ಸಮೇತ ತಾ, ಮೊಬೈಲಿನಲ್ಲಿ ತೆಗೆದ ಫೋಟೋ ನನಗೆ ಆಗುವುದಿಲ್ಲ.

ಇತಿ ನಿನ್ನ
ಮಾಮ